ಕೇಳಿದವರ ಹೆಸರೂ ಬರೆಯೋಣ

ನಮ್ಮ ಮಜ್ಲಿಸ್ ಮುಗಿದ ಮೇಲೆ ಬರುವ ವರದಿಯಲ್ಲಿ ಯಾರ ಹೆಸರಿರುತ್ತದೆ? ವೇದಿಕೆಯಲ್ಲಿ ಕೂತವರದ್ದು, ದುಡ್ಡು ಕೊಟ್ಟವರದ್ದು. ಡ್ಯೂಟಿ ಮುಗಿಸಿ ಯೂನಿಫಾರ್ಮಲ್ಲೇ ಬಂದು, ಹಿಂದೆ ಚಾಪೆಯಲ್ಲಿ ಕೂತು ಪೂರ್ತಿ ಕೇಳಿದವರದ್ದು ಇರುವುದಿಲ್ಲ. ಇದು ಸರಿಯಲ್ಲ ಎನ್ನುವುದು ನಮ್ಮ ಅಭಿಪ್ರಾಯ.

ಏಳೆಂಟು ನೂರು ವರ್ಷ ಹಿಂದಿನ ಡಮಾಸ್ಕಸ್ ನೋಡಿ. ಅಲ್ಲಿ ಹದೀಸ್ ಗ್ರಂಥವನ್ನು ಒಬ್ಬರೇ ಮೂಲೆಯಲ್ಲಿ ಕೂತು ಓದಿದರೆ ಸಾಲುತ್ತಿರಲಿಲ್ಲ. ಆ ಗ್ರಂಥವನ್ನು ಹಿಂದೆ ಸರಿಯಾಗಿ ಕೇಳಿದ್ದ ಹಿರಿಯರೊಬ್ಬರ ಎದುರು ಗಟ್ಟಿಯಾಗಿ ಓದಬೇಕು, ಉಳಿದವರು ಕೇಳಬೇಕು. ಆಮೇಲೆ ಅದೇ ಪ್ರತಿಯ ಖಾಲಿ ಜಾಗದಲ್ಲಿ ದಾಖಲೆ: ಓದಿದವರು ಯಾರು, ಕೇಳಿದವರು ಯಾರು, ಎಲ್ಲಿ, ಯಾವ ದಿನ, ಹೆಸರು ಬರೆದುಕೊಂಡವರು ಯಾರು. ಇದಕ್ಕೆ ‘ಸಮಾ’ ಎನ್ನುತ್ತಾರೆ. ಹೆಂಗಸರ, ಕಸುಬಿನವರ, ಗುಲಾಮರ ಹೆಸರೂ ಅದರಲ್ಲಿವೆ. ತಡವಾಗಿ ಬಂದು ಒಂದು ಭಾಗ ತಪ್ಪಿದರೆ ಅದೂ ನಮೂದು. ಐದು ವರ್ಷ ತುಂಬದ ಮಗುವಾದರೆ ‘ಕೇಳಿದ’ ಅಲ್ಲ, ‘ಹಾಜರಿದ್ದ’ ಅಷ್ಟೇ. ಲೆಕ್ಕ ಬರೆಯುವ ನಮಗೆ ಈ ಶಿಸ್ತು ಕಂಡರೆ ಖುಷಿ, ಯಾವ ಆಡಿಟರೂ ಬೆರಳು ತೋರಿಸಲಾರ!

ಹೀಗೆ ಬರೆದಿಟ್ಟ ಹೆಸರೊಂದು ಏನು ಮಾಡಿತು ಕೇಳಿ. ಹಿಜರಿ 630ರಲ್ಲಿ ಸಹೀಹುಲ್ ಬುಖಾರಿ ಓದಿದಾಗ ಅಹ್ಮದ್ ಎಂಬ ಹುಡುಗ ಕೇಳುವವರ ಸಾಲಿನಲ್ಲಿದ್ದ. ಮುಂದೆ ಅವರು ಆಲಿಮರೇನೂ ಆಗಲಿಲ್ಲ, ಕಲ್ಲುಕುಟಿಗರಾದರು. ಅಲ್-ಹಜ್ಜಾರ್ ಎಂಬ ಹೆಸರಿನ ಅರ್ಥವೇ ಅದು. 706ರಲ್ಲಿ ಹಳೆಯ ಸಮಾ ಪಟ್ಟಿಯಲ್ಲಿ ಅವರ ಹೆಸರು ಸಿಕ್ಕಿತು. ಆ ಓದನ್ನು ಕೇಳಿದವರೊಬ್ಬರು ಇನ್ನೂ ಬದುಕಿದ್ದಾರೆಂದು ಗೊತ್ತಾದದ್ದೇ ತಡ, ದೊಡ್ಡ ದೊಡ್ಡ ವಿದ್ವಾಂಸರು ಬಂದು ಈ ಕಾರ್ಮಿಕರ ಮುಂದೆ ಕೂತರು. ಮುಂದೆ ಮಂಗಳೂರಿನ ಬಗ್ಗೆಯೂ ಬರೆದ ಇಬ್ನ್ ಬತೂತ 726ರ ರಮಳಾನಿನಲ್ಲಿ ಡಮಾಸ್ಕಸ್‌ನ ಉಮವೀ ಮಸೀದಿಯಲ್ಲಿ ಇವರ ಮುಂದೆಯೇ, 14 ಮಜ್ಲಿಸ್‌ಗಳಲ್ಲಿ, ಬುಖಾರಿ ಕೇಳಿದ್ದು.

ಇಲ್ಲಿ ನಮ್ಮ ರೂಮುಗಳಲ್ಲಿ ಕಿತಾಬಿಗೆ ಗೌರವ ಕಡಿಮೆಯಿಲ್ಲ. ಬಟ್ಟೆ ಸುತ್ತಿ ಎತ್ತರದಲ್ಲಿಡುತ್ತೇವೆ. ಹದೀಸ್ ಮಾತ್ರ ವಾಟ್ಸಾಪಿನಲ್ಲಿ ಬರುತ್ತದೆ. ಯಾರು ಹೇಳಿದ್ದು, ಯಾರು ಕೇಳಿದ್ದು ಒಂದೂ ಗೊತ್ತಿಲ್ಲ.

ಈ ರಮಳಾನಿಗೆ ರೂಮಿಗೊಂದು ಕನ್ನಡ ಹದೀಸ್ ಕಿತಾಬು ಇಟ್ಟು, ದಿನಕ್ಕೆ ನಾಲ್ಕು ಪುಟ ಒಬ್ಬರು ಓದಲಿ. ಉಸ್ತಾದರು ಸಿಕ್ಕಿದರೆ ಅವರ ಎದುರೇ ಆಗಲಿ. ಓದಲು ಬಾರದವರು ಹಿಂಜರಿಯಬೇಕಿಲ್ಲ, ಕೇಳಿದರಾಯ್ತು. ಕೊನೆಯ ಖಾಲಿ ಹಾಳೆಯಲ್ಲಿ ತಾರೀಕು, ಜಾಗ, ಕೂತ ಎಲ್ಲರ ಹೆಸರು, ಊರು, ಕೆಲಸ ಬರೆಯೋಣ. ಅರ್ಧಕ್ಕೆ ಎದ್ದು ಹೋದವರದ್ದು ಅರ್ಧ ಅಂತಲೇ ಬರಲಿ. ಮಧ್ಯೆ ಫೋನ್ ತಿಕ್ಕಿದವರನ್ನು ಏನೆಂದು ಬರೆಯುವುದು, ಅದನ್ನು ರೂಮಿನವರೇ ತೀರ್ಮಾನಿಸಿ.