ಎರಡು ಬಾಯಿಗೆ ಎಷ್ಟು ಮೈಕು?

‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬ ಗಾದೆಯನ್ನು ಕಟ್ಟಿದ ಹಿರಿಯರು ಧ್ವನಿಮುದ್ರಣ ಯಂತ್ರವನ್ನು ಕಂಡವರಲ್ಲ. ಮುತ್ತಿನ ವಿಷಯ ನಾನರಿಯೆ. ಮಾತಂತೂ ಈಗ ಆಡಿದ ಮೇಲೂ ಹೋಗದೆ ಉಳಿಯುತ್ತದೆ. ಹೇಗೆ ಉಳಿಯುತ್ತದೆ ಎಂಬುದೇ ಪ್ರಶ್ನೆ. ಕಳೆದ ವರ್ಷ ನಾನೂ ನನ್ನ ಹಾಸ್ಟೆಲ್ ಕೊಠಡಿಯ ಮಿತ್ರನೂ ಕೂಡಿ ಮುದ್ರಿಸಿಕೊಂಡ ಮುಕ್ಕಾಲು ಗಂಟೆಯ ಮಾತು ಇಂದಿಗೂ ನನ್ನ ಫೋನಿನಲ್ಲಿದೆ. ಅದರಲ್ಲಿ ಫ್ಯಾನಿನ ಸದ್ದು ಸ್ಪಷ್ಟವಾಗಿದೆ. ಅಡಿಗೆಮನೆಯ ಕುಕ್ಕರು ಮೂರು ಬಾರಿ ಕೂಗಿದ್ದು ಸ್ಪಷ್ಟವಾಗಿದೆ. ಹೆದ್ದಾರಿಯ ಲಾರಿಗಳ ಹಾರನ್ನು ಬಹು ಸ್ಪಷ್ಟವಾಗಿದೆ. ಅಸ್ಪಷ್ಟವಾಗಿರುವುದು ನಮ್ಮ ಮಾತೊಂದೇ.

ಇಬ್ಬರು ಕುಳಿತು ಮಾತನಾಡಿದ್ದನ್ನು ಮುದ್ರಿಸಿ ಅಂತರ್ಜಾಲದಲ್ಲಿ ಕಂತುಕಂತಾಗಿ ಬಿಡುವುದಕ್ಕೆ ಪಾಡ್‌ಕಾಸ್ಟ್ ಎಂದು ಹೆಸರು. ಹೆಸರು ಹುಟ್ಟಿದ್ದು 2004ರಲ್ಲಿ. ಕಸುಬು ಜಗಲಿಕಟ್ಟೆಯಷ್ಟು ಹಳೆಯದು. ಇಂಥದೊಂದನ್ನು ಆರಂಭಿಸಬೇಕೆಂದು ಹೊರಟಿರುವ ಜೋಡಿಗಳು ನಮ್ಮ ತರಗತಿಯೊಂದರಲ್ಲೇ ನಾಲ್ಕಿವೆ. ಅವರೆಲ್ಲರ ಮೊದಲ ಪ್ರಶ್ನೆಯೂ ಒಂದೇ: ‘ಯಾವ ಮೈಕು ಕೊಳ್ಳೋಣ?’ ಪ್ರಶ್ನೆಯೇ ತಪ್ಪೆಂದು ನನ್ನ ಅಭಿಪ್ರಾಯ. ಇಬ್ಬರು ಮಾತನಾಡುವಲ್ಲಿ ಮೊದಲು ಕೇಳಬೇಕಾದದ್ದು ಎಷ್ಟು ಮೈಕು, ಅವು ಬಾಯಿಂದ ಎಷ್ಟು ದೂರ, ಕೂರುವ ಕೋಣೆ ಎಂಥದು ಎಂದು. ಕಂಪನಿಯ ಹೆಸರು ಆಮೇಲಿನದು. ಒಂದು ಬೆಲೆಬಾಳುವ ಮೈಕಿಗಿಂತ ಎರಡು ಅಗ್ಗದ ಮೈಕು ಮೇಲು ಎಂಬುದನ್ನು ನಾನು ನಷ್ಟಪಟ್ಟು ಕಲಿತವನು. ಕಿರಿಯ ಮಿತ್ರರಾದರೂ ನಷ್ಟಪಡದೆ ಕಲಿಯಲೆಂದು ಇದನ್ನು ಬರೆಯುತ್ತಿದ್ದೇನೆ.

ನಾವು ಮಾಡಿದ್ದು ಹೀಗೆ. ವಿದ್ಯಾರ್ಥಿವೇತನದಲ್ಲಿ ಉಳಿಸಿದ್ದ ನನ್ನ ಸಾವಿರದ ನಾನೂರು, ರಜೆಯಲ್ಲಿ ಶಾಮಿಯಾನ ಕಟ್ಟಿ ಮಿತ್ರ ಗಳಿಸಿದ್ದ ಸಾವಿರದ ನಾನೂರು, ಎರಡನ್ನೂ ಕೂಡಿಸಿ 2,800 ರೂಪಾಯಿಗೆ ಒಂದು ಕಂಡೆನ್ಸರ್ ಮೈಕು ತರಿಸಿದೆವು. ಪೆಟ್ಟಿಗೆಯ ಮೇಲೆ ‘ಸ್ಟುಡಿಯೋ’ ಎಂದು ಬಂಗಾರದ ಬಣ್ಣದಲ್ಲಿ ಅಚ್ಚಾಗಿತ್ತು. ಆ ಒಂದು ಪದಕ್ಕೆ ನಾವು ಮರುಳಾದೆವೆಂದು ಒಪ್ಪಿಕೊಳ್ಳಬೇಕು. ಅದನ್ನು ಮೇಜಿನ ನಡುವೆ ಪ್ರತಿಷ್ಠಾಪನೆ ಮಾಡಿ, ಆಚೆಗೊಬ್ಬ ಈಚೆಗೊಬ್ಬ ಕುಳಿತೆವು. ನನ್ನ ಮಿತ್ರ ತೋಟದ ಈ ಬದುವಿನಿಂದ ಆ ಬದುವಿಗೆ ಕೂಗಿ ಬೆಳೆದವನು. ನನ್ನದು ಹಿಂದಿನ ಬೆಂಚಿನ ಧ್ವನಿ. ಅವನ ದನಿಗೆ ಸರಿಯಾಗಿ ಮೈಕನ್ನು ತಗ್ಗಿಸಿದರೆ ನಾನಿಲ್ಲ. ನನಗಾಗಿ ಏರಿಸಿದರೆ ಅವನು ಒಡಕು ತಮಟೆ. ಕೇಳಿದವರಿಗೆ ಇದು ಇಬ್ಬರ ಸಂಭಾಷಣೆ ಎನ್ನಿಸುವಂತಿರಲಿಲ್ಲ. ಒಬ್ಬನ ಭಾಷಣ, ದೂರದಲ್ಲೆಲ್ಲೋ ಇನ್ನೊಬ್ಬನ ‘ಹ್ಞೂ’.

ನಾವು ಅಂದು ಮಾತಿಗೆತ್ತಿಕೊಂಡದ್ದು 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ನಮ್ಮಿಬ್ಬರ ಊರಿನಲ್ಲಿ ಯಾರಿಗೆ ಏನು ದಕ್ಕಿತೆಂಬ ವಿಷಯ. ಇತಿಹಾಸದ ತರಗತಿಯಲ್ಲಿ ಕೇಳಿದ್ದಕ್ಕೂ ಮನೆಯಲ್ಲಿ ಕೇಳಿದ್ದಕ್ಕೂ ನಂಟು ಹಾಕಬೇಕೆಂಬ ಆಸೆ. ಗೇಣಿದಾರನಾಗಿದ್ದ ನಮ್ಮ ತಾತನಿಗೆ ಉತ್ತ ಭೂಮಿ ಸ್ವಂತವಾದ ಕತೆಯನ್ನು ನಾನು ಹೇಳಿದ್ದೆ. ಅದನ್ನು ಊರಿಗೆ ಕಳಿಸಿದೆ. ನಮ್ಮವ್ವನಿಗೆ ಓದು ಬರಹ ಬಾರದು. ಮೂರು ವರ್ಷದಿಂದ ಮಗ ಪಟ್ಟಣದಲ್ಲಿ ಏನು ಕಲಿತನೆಂಬುದಕ್ಕೆ ಅಂಕಪಟ್ಟಿಯಾಗಲಿ, ಈ ಸಂಚಿಕೆಯಲ್ಲಿ ಅಚ್ಚಾಗುವ ಈ ಲೇಖನವಾಗಲಿ ಅವಳಿಗೆ ಸಾಕ್ಷಿಯಾಗಲಾರದು; ಕಿವಿಗೆ ಬಿದ್ದದ್ದೇ ಸಾಕ್ಷಿ. ಅವಳು ಪಕ್ಕದ ಮನೆಯವರ ಫೋನಿನಲ್ಲಿ ಕೇಳಿ, ರಾತ್ರಿ ನನಗೆ ಹೇಳಿದ್ದಿಷ್ಟು: “ಅದ್ಯಾಕ್ಲಾ ಮಗ, ನೀವಿಬ್ರೂವೆ ಬಾವಿ ಒಳಗೆ ಕುಂತ್ಕಂಡು ಮಾತಾಡ್ದಂಗದೆ?” ತಾತನ ಹೆಸರು ಬಂದದ್ದೇ ಅವಳಿಗೆ ತಿಳಿದಿರಲಿಲ್ಲ.

ಮೈಕಿನ ತಪ್ಪೇನೂ ಇರಲಿಲ್ಲ. ಕಂಡೆನ್ಸರ್ ಜಾತಿಯ ಮೈಕಿನೊಳಗೆ ಬಹು ತೆಳ್ಳನೆಯ ಒಂದು ಪೊರೆ ಇರುತ್ತದೆ. ಅದಕ್ಕೆ ಹೊರಗಿನಿಂದ ವಿದ್ಯುತ್ತು ಬೇಕು. ಸ್ಟುಡಿಯೋಗಳಲ್ಲಿ ಮೈಕಿನ ತಂತಿಯಲ್ಲೇ 48 ವೋಲ್ಟು ಹರಿಸುತ್ತಾರೆ. ಅದು ಪಿಸುಮಾತನ್ನೂ ಹಿಡಿಯುವಷ್ಟು ಸೂಕ್ಷ್ಮ. ಗೋಡೆಗೆ ಮೆತ್ತೆ ಹೊದಿಸಿ ಬಾಗಿಲಿಗೆ ರಬ್ಬರು ಬಡಿದ ಕೋಣೆಯಲ್ಲಿ ಈ ಗುಣ ವರ. ಸುಣ್ಣದ ಗೋಡೆ, ಸಿಮೆಂಟು ನೆಲ, ಕಬ್ಬಿಣದ ಮಂಚಗಳ ಹಾಸ್ಟೆಲ್ಲಿನಲ್ಲಿ ಅದೇ ಶಾಪ. ಕುಣಿಯಲಾರದವಳು ನೆಲ ಡೊಂಕೆಂದಳು ಎಂದು ಹಾಸ್ಯಮಾಡುತ್ತೇವೆ. ನಮ್ಮ ಪ್ರಸಂಗದಲ್ಲಿ ನೆಲವೇ ಡೊಂಕಾಗಿತ್ತು, ನಾವು ಹೊಸ ಗೆಜ್ಜೆ ಕೊಂಡಿದ್ದೆವು.

ದೂರದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಇದಕ್ಕೆ ಕಾಸು ಖರ್ಚಿಲ್ಲ. ಬಾಯಿಗೂ ಮೈಕಿಗೂ ನಡುವಣ ಅಂತರ ಇಮ್ಮಡಿಯಾದರೆ ಬಾಯಿಂದ ನೇರವಾಗಿ ಬಂದು ಮುಟ್ಟುವ ಧ್ವನಿ 6 ಡೆಸಿಬಲ್ಲಿನಷ್ಟು ಇಳಿಯುತ್ತದೆ. ಗೋಡೆಗೆ ಬಡಿದು ಬರುವ ಮಾರ್ದನಿಯಾದರೋ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ನಮ್ಮ ಮೇಜಿನ ಮೇಲಿನ ಮೈಕು ನನ್ನ ಬಾಯಿಂದ ಒಂದೂವರೆ ಮೊಳ ದೂರವಿತ್ತು. ಅವ್ವ ಹೇಳಿದ ಬಾವಿ ಇದೇ. ಅದನ್ನು ನಾಲ್ಕು ಬೆರಳಿನಿಂದ ಒಂದು ಗೇಣಿನೊಳಕ್ಕೆ ತಂದರೆ ಅರ್ಧ ಬಾವಿ ಮುಚ್ಚಿದಂತೆ. ಆದರೆ ಒಂದೇ ಮೈಕು ಇಬ್ಬರ ಬಾಯಿಗೂ ಒಂದು ಗೇಣು ದೂರದಲ್ಲಿರಬೇಕಾದರೆ ಇಬ್ಬರೂ ಹಣೆಗೆ ಹಣೆ ತಾಗಿಸಿ ಕೂರಬೇಕು! ಆದಕಾರಣವೇ ಎರಡು ಬಾಯಿಗೆ ಎರಡು ಮೈಕು ಎಂದು ನಾನು ಹಟ ಹಿಡಿಯುವುದು. ಇನ್ನೊಂದು ಲೆಕ್ಕವೂ ಉಂಟು: ನನ್ನ ಬಾಯಿಗೂ ನನ್ನ ಮೈಕಿಗೂ ಎಷ್ಟು ದೂರವೋ ಅದರ ಮೂರರಷ್ಟಾದರೂ ಎರಡು ಮೈಕುಗಳ ನಡುವೆ ಇರಬೇಕು. ಆಗ ಒಬ್ಬನ ಮಾತು ಇನ್ನೊಬ್ಬನ ಮೈಕಿಗೆ ಹೆಚ್ಚಾಗಿ ನುಗ್ಗುವುದಿಲ್ಲ. ಮತ್ತೆ ಮೈಕನ್ನು ಬಾಯಿಗೆ ನೇರವಾಗಿ ಹಿಡಿಯದೆ ತುಸು ಓರೆಯಾಗಿಡಬೇಕು. ಇಲ್ಲದಿದ್ದರೆ ನಮ್ಮ ವರ್ಣಮಾಲೆಯ ಫ, ಭ ಮೊದಲಾದ ಅಕ್ಷರಗಳು ಬಂದಲ್ಲೆಲ್ಲ ಗಾಳಿ ಬಡಿದು ‘ಧಬ್’ ಎನ್ನುತ್ತದೆ. ಭೂಸುಧಾರಣೆ ಎಂಬ ಪದವನ್ನು ನಾವು ಅಂದು ಎಷ್ಟು ಸಲ ಹೇಳಿದೆವೋ ಅಷ್ಟು ಸಲವೂ ಯಾರೋ ಬಾಗಿಲು ಬಡಿದಂತೆ ಕೇಳುತ್ತದೆ.

ಇನ್ನು ಕೊಳ್ಳುವ ಮಾತು. ಕೈಯಲ್ಲಿ ಒಂದಿಷ್ಟು ಹಣವಿದ್ದು, ಸದ್ದಿರುವ ಕೋಣೆಯಲ್ಲೇ ಕೂರಬೇಕಾದವರಿಗೆ ಡೈನಮಿಕ್ ಜಾತಿಯ ಮೈಕೇ ತಕ್ಕದ್ದು. ಅದರೊಳಗೆ ಅಯಸ್ಕಾಂತದ ನಡುವೆ ಒಂದು ತಂತಿಸುರುಳಿ ಅಲುಗುತ್ತದೆ, ಅಷ್ಟೆ. ಹೊರಗಿನ ವಿದ್ಯುತ್ತು ಬೇಡ. ಕೆಳಗೆ ಬಿದ್ದರೆ ಸುಲಭವಾಗಿ ಕೆಡುವುದಿಲ್ಲ. ಹತ್ತಿರದ ಬಾಯನ್ನು ಚೆನ್ನಾಗಿ ಕೇಳುತ್ತದೆ, ದೂರದ ಲಾರಿಯ ಕಡೆಗೆ ಅಷ್ಟಾಗಿ ಕಿವಿಗೊಡುವುದಿಲ್ಲ. ಶೂರ್ ಕಂಪನಿಯ ಎಸ್‌ಎಂ58 ಎಂಬ ಮೈಕು 1966ರಲ್ಲಿ ಬಂದದ್ದು, ಇಂದಿಗೂ ವೇದಿಕೆಗಳಲ್ಲಿ ಹಾಡುವವರ ಕೈಯಲ್ಲಿದೆ. ಅದು ನಮ್ಮ ಜೇಬಿಗೆ ಭಾರ. ನಮ್ಮೂರ ಹರಿಕಥೆಗೂ ಗಣಪತಿ ಪೆಂಡಾಲಿಗೂ ಬರುವ ಅಹೂಜಾ ಮೈಕುಗಳಲ್ಲೂ ಡೈನಮಿಕ್ ಜಾತಿಯವುಂಟು. ಬೆಲೆ ಅದಕ್ಕಿಂತ ಬಹಳ ಕಡಿಮೆ. ಮಿತ್ರನಿಗೆ ಕೆಲಸ ಕೊಟ್ಟ ಶಾಮಿಯಾನದ ಯಜಮಾನರು ಅಂಥ ಎರಡನ್ನು ಒಂದು ದಿನದ ಮಟ್ಟಿಗೆ ಬಾಡಿಗೆಯಿಲ್ಲದೆ ಕೊಟ್ಟಾಗ ನಮಗೆ ನಾಚಿಕೆಯಾಯಿತು. ಸ್ಟುಡಿಯೋ ಎಂದು ಬಂಗಾರದಲ್ಲಿ ಬರೆದದ್ದಕ್ಕಿಂತ ಸತ್ಯನಾರಾಯಣ ಪೂಜೆಯ ಮೈಕು ನಮ್ಮ ಕೊಠಡಿಯಲ್ಲಿ ಹೆಚ್ಚು ಮರ್ಯಾದೆಯಿಂದ ನಡೆದುಕೊಂಡಿತು.

ಇಂಥ ಮೈಕನ್ನು ಕಂಪ್ಯೂಟರಿಗೆ ಸೇರಿಸಲು ನಡುವೆ ಒಂದು ಪೆಟ್ಟಿಗೆ ಬೇಕು. ಆಡಿಯೋ ಇಂಟರ್‌ಫೇಸ್ ಎನ್ನುತ್ತಾರೆ. ಜೋಡಿಯಾಗಿ ಹೊರಟವರು ಮೋಸಹೋಗುವುದು ಇಲ್ಲಿಯೇ. ಬೆರಿಂಜರ್ ಕಂಪನಿಯ ಯುಎಂ2 ಎಂಬ ಪೆಟ್ಟಿಗೆಯ ಮುಂಭಾಗದಲ್ಲಿ ತೂತುಗಳೇನೋ ಎರಡಿವೆ; ಆದರೆ ಮೈಕಿಗೆಂದು ಇರುವುದು ಒಂದೇ, ಇನ್ನೊಂದು ಗಿಟಾರು ಮುಂತಾದ ವಾದ್ಯಕ್ಕೆ. ಅದೇ ಕಂಪನಿಯ ಯುಎಂಸಿ202ಎಚ್‌ಡಿ, ಫೋಕಸ್‌ರೈಟ್‌ನವರ ಸ್ಕಾರ್ಲೆಟ್ 2ಐ2, ಇವುಗಳಲ್ಲಿ ಎರಡು ಮೈಕಿಗೂ ಸ್ಥಳವುಂಟು. ಇವುಗಳ ಬೆಲೆ ಸಾವಿರಗಳ ಲೆಕ್ಕದ್ದು, ನೂರುಗಳದ್ದಲ್ಲ. ಪೆಟ್ಟಿಗೆಯ ಖರ್ಚೇ ಬೇಡವೆಂದು ಯುಎಸ್‌ಬಿ ಮೈಕು ಎರಡನ್ನು ಕೊಂಡು ಒಂದೇ ಕಂಪ್ಯೂಟರಿಗೆ ಚುಚ್ಚುವವರೂ ಉಂಟು. ನಾವೆಲ್ಲ ಬಳಸುವ, ಬಿಟ್ಟಿಯಾಗಿ ಸಿಕ್ಕುವ ಆಡಾಸಿಟಿ ತಂತ್ರಾಂಶ ಒಂದು ಸಲಕ್ಕೆ ಒಂದೇ ಸಾಧನದಿಂದ ಧ್ವನಿ ತೆಗೆದುಕೊಳ್ಳುತ್ತದೆ. ಎರಡನೆಯ ಮೈಕು ಸುಮ್ಮನೆ ಅಲಂಕಾರಕ್ಕೆ. ಸ್ಯಾಮ್ಸನ್ ಕ್ಯೂ2ಯು ಎಂಬ ಡೈನಮಿಕ್ ಮೈಕಿಗೆ ಎರಡು ಬಗೆಯ ಬಾಲವೂ ಇದೆ. ಇಂದು ಕಂಪ್ಯೂಟರಿಗೆ ನೇರವಾಗಿ, ಮುಂದೆ ಹಣ ಬಂದಾಗ ಪೆಟ್ಟಿಗೆಗೆ ಚುಚ್ಚಬಹುದು. ಕ್ರಮವಾಗಿ ಬೆಳೆಯಬೇಕೆನ್ನುವವರಿಗೆ ಅದು ಒಳ್ಳೆಯ ದಾರಿ.

ಇಷ್ಟೂ ಆಗದವರಿಗೆ, ಎಂದರೆ ನಮ್ಮಲ್ಲಿ ಬಹುಮಂದಿಗೆ, ನಾನು ಹೇಳುವುದು ಇದಕ್ಕಿಂತ ಸುಲಭದ್ದು. ಇಬ್ಬರ ಹತ್ತಿರವೂ ಫೋನು ಇದ್ದೇ ಇರುತ್ತದೆ. ಅಂಗಿಯ ಕಾಲರಿಗೆ ಸಿಕ್ಕಿಸುವ, ಗುಂಡಿಯಷ್ಟು ತಲೆಯ ಲೇಪಲ್ ಮೈಕುಗಳು, ಬೋಯಾ ಕಂಪನಿಯ ಬಿವೈ-ಎಂ1 ಇದ್ದಹಾಗೆ, ಸುಮಾರು ಸಾವಿರ ರೂಪಾಯಿಗೊಂದು ಸಿಕ್ಕುತ್ತವೆ. ತಂತಿ 6 ಮೀಟರ್ ಉದ್ದ. ಬಟ್ಟೆ ಒಣಹಾಕಲೂ ಆದೀತು. ಜಾತಿಯಲ್ಲಿ ಇದೂ ಕಂಡೆನ್ಸರೇ, ಎಲ್ಲ ದಿಕ್ಕಿನಿಂದಲೂ ಕೇಳಿಸಿಕೊಳ್ಳತಕ್ಕದ್ದೇ. ಆದರೂ ಗಲ್ಲದಿಂದ ಒಂದು ಗೇಣು ಕೆಳಗೆ ಕುಳಿತಿರುವುದರಿಂದ ಕಾಪಾಡುತ್ತದೆ. ನಾನು ದೂರದ ಬಗ್ಗೆ ಅಷ್ಟು ಕೊರೆದದ್ದಕ್ಕೆ ಇದೇ ರುಜುವಾತು. ಗುಂಡನೆಯ ತೂತಿಲ್ಲದ ಹೊಸ ಫೋನುಗಳಿಗೆ ಒಂದು ಜೋಡಣೆಯ ತುಂಡು ಬೇಕು. ಹಾಡು ಕೇಳಲು ಮಾತ್ರವಲ್ಲದೆ ಮೈಕಿಗೂ ಆಗುತ್ತದೆಯೇ ಎಂದು ಅಂಗಡಿಯಲ್ಲೇ ಹಾಕಿ ನೋಡಿ ತರುವುದು ಲೇಸು. ಅವನ ಮಾತು ಅವನ ಫೋನಿನಲ್ಲಿ, ನನ್ನದು ನನ್ನದರಲ್ಲಿ. ಆರಂಭದಲ್ಲಿ ಒಂದು ಸಲ ಜೋರಾಗಿ ಚಪ್ಪಾಳೆ ಹೊಡೆದರೆ ಆ ಚಪ್ಪಾಳೆಯ ಗುರುತು ಎರಡು ಕಡತದಲ್ಲೂ ಮೂಡುತ್ತದೆ. ಆಮೇಲೆ ಎರಡನ್ನೂ ಆಡಾಸಿಟಿಯಲ್ಲಿ ಆ ಗುರುತಿಗೆ ಸರಿಯಾಗಿ ಹೊಂದಿಸಿದರಾಯಿತು. ಅವನು ಕೆಮ್ಮಿದ್ದನ್ನು ನನ್ನ ಮಾತು ಕೆಡದಂತೆ ಕತ್ತರಿಸಬಹುದು. ಅವನ ದನಿಯನ್ನು ತಗ್ಗಿಸಿ ನನ್ನದನ್ನು ಏರಿಸಬಹುದು. ಮೂರು ವರ್ಷದ ಸ್ನೇಹದಲ್ಲಿ ಆಗದಿದ್ದ ಕೆಲಸ ಇದು! ಒಂದು ಎಚ್ಚರಿಕೆ: ಕರೆ ಬಾರದಂತೆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿರಬೇಕು. ಸಂಕುಚಿಸದೆ ಉಳಿಸಿದರೆ ಒಂದೊಂದು ದನಿಗೂ ನಿಮಿಷಕ್ಕೆ ಸುಮಾರು 5 ಎಂಬಿ ಹಿಡಿಯುತ್ತದೆ. ಒಂದು ಗಂಟೆಗೆ ಮುನ್ನೂರು. ಮದುವೆಯ ವಿಡಿಯೋಗಳನ್ನು ಅಳಿಸಿದರೆ ಸ್ಥಳ ತಾನಾಗಿ ಆಗುತ್ತದೆ.

ತಂತಿಯಿಲ್ಲದ ಅಗ್ಗದ ಜೋಡಿ ಮೈಕುಗಳ ಭರಾಟೆ ಈಗ ಬಹಳ. ಅವುಗಳಲ್ಲಿ ಬಹುಪಾಲು ಇಬ್ಬರ ಮಾತನ್ನೂ ಒಂದೇ ಧಾರೆಯಾಗಿ ಕಲಸಿಬಿಡುತ್ತವೆ. ಕಲಸಿದ ಮುದ್ದೆಯಿಂದ ಹಿಟ್ಟನ್ನು ಬೇರೆ ತೆಗೆಯುವುದು ಹೇಗೆ? ಸದ್ದಳಿಸುವ ತಂತ್ರಾಂಶಗಳಿವೆಯಲ್ಲ ಎನ್ನುವವರಿಗೂ ಅದೇ ಉತ್ತರ. ಫ್ಯಾನನ್ನು ಅಳಿಸಹೋಗಿ ನಮ್ಮ ದನಿಯೂ ಅರ್ಧ ಅಳಿಸಿ, ತಗಡಿನ ಡಬ್ಬಿಯೊಳಗಿಂದ ಬಂದಂತಾಗಿತ್ತು. ಫ್ಯಾನಿಗೆ ಸ್ವಿಚ್ಚು ಎಂಬುದೊಂದಿದೆ.

ಅಧ್ಯಾಪಕ ವರ್ಗದವರಲ್ಲಿ ಒಂದು ಬಿನ್ನಹ. ನಮ್ಮ ಕಾಲೇಜಿನ ಬೀರುವಿನಲ್ಲಿ ಎರಡು ಒಳ್ಳೆಯ ಡೈನಮಿಕ್ ಮೈಕುಗಳಿವೆ. ಅವು ಆಗಸ್ಟ್ 15ಕ್ಕೆ, ಜನವರಿ 26ಕ್ಕೆ, ಕಾಲೇಜು ದಿನಾಚರಣೆಗೆ ಹೊರಬಂದು, ಸ್ವಾಗತ ಭಾಷಣವನ್ನೂ ವಂದನಾರ್ಪಣೆಯನ್ನೂ ಕೇಳಿ ಮತ್ತೆ ಒಳಗೆ ಹೋಗುತ್ತವೆ. ಕಳೆದುಹೋದಾವೆಂಬ ಭಯ ಸಹಜವೇ. ಗ್ರಂಥಾಲಯದ ಪುಸ್ತಕದಂತೆ ರುಜು ಹಾಕಿಸಿಕೊಂಡು ಎರಡು ದಿನಕ್ಕೆ ಕೊಟ್ಟರೆ, ನಾಲ್ಕು ಜೋಡಿಗಳು ನಾಲ್ಕು ಮೂಲೆಯಲ್ಲಿ ಸಾಲಮಾಡಿ ಮೈಕು ಕೊಳ್ಳುವುದು ತಪ್ಪುತ್ತದೆ. ನಡುವಣ ಆ ಎರಡು ಮೈಕಿನ ಪೆಟ್ಟಿಗೆಯೊಂದನ್ನು ಕಾಲೇಜೇ ಕೊಳ್ಳಬಾರದೇ? 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ 30 ವ್ಯಾಟಿನ ಪುಟ್ಟ ಪ್ರೇಷಕದಿಂದ ಬಾನುಲಿ ಆರಂಭಿಸಿದರು. ದೇಶದ ಬಾನುಲಿಗೆ ಆಮೇಲೆ ಬಂದ ‘ಆಕಾಶವಾಣಿ’ ಎಂಬ ಹೆಸರು ಮೊದಲು ಆ ಮನೆಯ ನಿಲಯದ್ದು. ಒಬ್ಬ ಮೇಷ್ಟರು ಅಷ್ಟು ಮಾಡಿದ ನಾಡಿನಲ್ಲಿ ಒಂದು ಬೀರುವಿನ ಬೀಗದಕೈ ಕೇಳುವುದು ಅತಿಯಾಸೆಯಲ್ಲವೆಂದು ಭಾವಿಸಿದ್ದೇನೆ.

ಈ ವರ್ಷ ನಾವು ಅದೇ ಮಾತನ್ನು ಮತ್ತೆ ಮುದ್ರಿಸಿದೆವು. ಸ್ಟುಡಿಯೋ ಮೈಕನ್ನು ಅರ್ಧ ಬೆಲೆಗೆ ಮಾರಿ, ಕಾಲರು ಮೈಕು ಎರಡು ಕೊಂಡೆವು. ಕಡಿಮೆ ಬಿದ್ದದ್ದನ್ನು ಮಿತ್ರನೇ ಹಾಕಿದ. ಲೈನ್ ದುರಸ್ತಿಗೆಂದು ಇಡೀ ಬಡಾವಣೆಗೆ ಕರೆಂಟು ತೆಗೆದಿದ್ದ ಒಂದು ಭಾನುವಾರ ಬೆಳಿಗ್ಗೆಯನ್ನು ಆರಿಸಿಕೊಂಡೆವು. ಫ್ಯಾನಿಲ್ಲ, ಪಕ್ಕದ ಕೊಠಡಿಯ ಹಾಡಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ನಾವು ಹಾಸಿಗೆಗಳನ್ನೇ ಎತ್ತಿ ಗೋಡೆಗೆ ಒರಗಿಸಿ, ಕಂಬಳಿಯನ್ನು ಕಿಟಕಿಗೆ ಕಟ್ಟಿ, ಬೆವರು ಸುರಿಸುತ್ತ ಕುಳಿತೆವು. ಮೊದಲು ಒಂದು ನಿಮಿಷ ಮುದ್ರಿಸಿ, ಇಯರ್‌ಫೋನು ಹಾಕಿ ಕೇಳಿ, ಆಮೇಲೆ ಮುಂದುವರಿದೆವು. ತಾತನಿಗೆ ಎರಡೆಕರೆ ಬಂತೆಂದು ನಾನು ಹೇಳಿದೆ.

ಊರಿಗೆ ಕಳಿಸಿದ ರಾತ್ರಿ ಅವ್ವನ ಫೋನು ಬಂತು. ಬಾವಿಯ ಸುದ್ದಿ ತೆಗೆಯಲಿಲ್ಲ. “ಎರಡೆಕ್ರೆ ಅಂತ ಯಾರ್ಲಾ ಹೇಳಿದ್ದು ನಿಂಗೆ? ಒಂದೆಕ್ರೆ ಮೂವತ್ತು ಗುಂಟೆ. ಮಿಕ್ಕಿದ್ದು ಹಳ್ಳಕ್ಕೆ ಹೋಯ್ತು. ತಿದ್ದಿ ಹೇಳು, ಎಲ್ರೂ ಕೇಳ್ತಾರೆ” ಎಂದಳು.