ಹಳದಿಯಾದುದೆಲ್ಲ ಹಸಿವಲ್ಲ

ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರುಂಡು ಬೆಳೆದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಕಣ್ಣು ಹಾಯಿಸಿದತ್ತ ಕಬ್ಬಿನ ಹಸಿರು ಕಾಣುತ್ತದೆ. ಉಗಾರ ಖುರ್ದದಲ್ಲಿ 1939ರಲ್ಲಿ ಸಕ್ಕರೆಯ ಕಾರಖಾನೆ ಸ್ಥಾಪನೆಯಾಯಿತು. ಅಲ್ಲಿಂದೀಚೆಗೆ ಕಬ್ಬು ಈ ಭಾಗದ ಜನಜೀವನದಲ್ಲಿ ಆಳವಾಗಿ ಬೇರೂರುತ್ತ ಬಂದಿದೆ. ಇಂಥ ಸೀಮೆಯಲ್ಲಿ ಬೆಳೆಯ ಎಲೆ ಹಳದಿಗೆ ತಿರುಗಿತೆಂದರೆ ಮನೆಮಂದಿಗೆಲ್ಲ ಚಿಂತೆ ಹತ್ತುವುದು ಸಹಜವೇ. ಆದರೆ ಆ ಚಿಂತೆಗೆ ನಾವು ಕಂಡುಕೊಂಡಿರುವ ಪರಿಹಾರ ಮಾತ್ರ ಸಹಜವಾದುದಲ್ಲ. ಎಲೆ ಹಳದಿಯಾಯಿತೇ? ಗೊಬ್ಬರದ ಅಂಗಡಿಗೆ ಹೋಗು. ಒಂದು ಚೀಲ ಯೂರಿಯಾ ತಂದು ಎರಚು. ಹಸಿರಾಗಲಿಲ್ಲವೇ? ಇನ್ನೊಂದು ಚೀಲ ಎರಚು. ಇದು ರೋಗವನ್ನು ಗುರುತಿಸುವುದಕ್ಕೆ ಮೊದಲೇ ಔಷಧವನ್ನು ಕುಡಿಸುವ ವೈದ್ಯ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಹಳದಿಯಾದುದೆಲ್ಲ ಸಾರಜನಕದ ಹಸಿವಲ್ಲ ಎಂಬುದನ್ನೂ ಅದರ ಪಕ್ಕದಲ್ಲಿಯೇ ಬರೆದಿಡಬೇಕಾಗಿದೆ. ಇದನ್ನು ಕೃಷಿಶಾಸ್ತ್ರದ ಪಂಡಿತರಿಗೆ ಬಿಡದೆ ಭೌತವಿಜ್ಞಾನದ ಉಪಾಧ್ಯಾಯನೊಬ್ಬನು ಏಕೆ ಹೇಳಬೇಕು ಎಂದು ವಾಚಕರು ಕೇಳಬಹುದು. ಇಲ್ಲಿರುವ ಪ್ರಶ್ನೆ ಗೊಬ್ಬರಕ್ಕಿಂತ ಹೆಚ್ಚಾಗಿ ವಿಚಾರಕ್ರಮಕ್ಕೆ ಸಂಬಂಧಿಸಿದುದೆಂಬುದೇ ನನ್ನ ಉತ್ತರ. ಲಕ್ಷಣದಿಂದ ಕಾರಣಕ್ಕೆ ಹೋಗುವ ದಾರಿಯನ್ನು ನಾವು ತರಗತಿಗಳಲ್ಲಿ ಕಲಿಸುತ್ತಿಲ್ಲ. ಅದರ ಬೆಲೆಯನ್ನು ಹೊಲ ತೆರುತ್ತಿದೆ.

ಮೊದಲು ಬಣ್ಣದ ವಿಷಯವನ್ನು ನೋಡೋಣ. ಎಲೆಯ ಹಸಿರಿಗೆ ಕಾರಣವಾದ ಪತ್ರಹರಿತ್ತು ಸೂರ್ಯನ ಬೆಳಕಿನಲ್ಲಿ ನೀಲಿ ಮತ್ತು ಕೆಂಪು ಕಿರಣಗಳನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಹಸಿರು ಕಿರಣಗಳು ಬಹುಮಟ್ಟಿಗೆ ಉಳಿದು ನಮ್ಮ ಕಣ್ಣನ್ನು ಸೇರುತ್ತವೆ. ಇದೇ ಎಲೆಯಲ್ಲಿ ಹಳದಿಯ ವರ್ಣದ್ರವ್ಯಗಳೂ ಮೊದಲಿನಿಂದಲೇ ಇರುತ್ತವೆ; ಹಸಿರಿನ ಮರೆಯಲ್ಲಿ ಅವು ಕಾಣುವುದಿಲ್ಲ. ಪತ್ರಹರಿತ್ತು ಕ್ಷಯಿಸಿದಾಗ ಅವು ಹೊರಬೀಳುತ್ತವೆ. ಆದುದರಿಂದ ಎಲೆಗೆ ಹಳದಿ ಹೊಸದಾಗಿ ಬಂದು ಸೇರಿತೆನ್ನುವುದಕ್ಕಿಂತ ಅಲ್ಲಿದ್ದ ಹಸಿರು ಹೋಯಿತೆಂದು ಹೇಳುವುದೇ ಸರಿ. ಹಸಿರು ಏಕೆ ಹೋಯಿತು ಎಂಬ ಪ್ರಶ್ನೆಗೆ ಬಣ್ಣವೊಂದೇ ಉತ್ತರ ಹೇಳಲಾರದು. ಜ್ವರಮಾಪಕವು ಮೈ ಬಿಸಿಯಾಗಿದೆಯೆಂದು ಹೇಳೀತು. ಮಲೇರಿಯಾವೋ ವಿಷಮಶೀತವೋ ಎಂದು ಹೇಳಲಾರದು.

ಪತ್ರಹರಿತ್ತಿನಲ್ಲಿ ಹೆಚ್ಚು ಪ್ರಮಾಣದಲ್ಲಿರುವ ಬಗೆಯ ಒಂದು ಅಣುವನ್ನು ತೆಗೆದುಕೊಂಡರೆ ಅದರಲ್ಲಿ 137 ಪರಮಾಣುಗಳಿವೆ. ಅವುಗಳಲ್ಲಿ ನಾಲ್ಕು ಸಾರಜನಕದವು. ಆ ನಾಲ್ಕರ ನಡುವೆ ಮೆಗ್ನೀಷಿಯಂ ಲೋಹದ ಒಂದೇ ಒಂದು ಪರಮಾಣು ಕುಳಿತಿದೆ. ಕಬ್ಬಿಣದ ಪರಮಾಣು ಅಲ್ಲಿ ಒಂದೂ ಇಲ್ಲ. ಆದರೂ ಕಬ್ಬಿಣವಿಲ್ಲದೆ ಆ ಅಣು ತಯಾರಾಗುವುದೇ ಇಲ್ಲ. ಗೋಡೆಯಲ್ಲಿ ಕರಣೆ ಇರುವುದಿಲ್ಲ. ಆದರೆ ಕರಣೆಯಿಲ್ಲದೆ ಗೋಡೆ ಏಳದು. ಹೀಗಾಗಿ ಸಾರಜನಕ, ಮೆಗ್ನೀಷಿಯಂ, ಕಬ್ಬಿಣ ಈ ಮೂರರಲ್ಲಿ ಯಾವುದು ಕೊರತೆಯಾದರೂ ಎಲೆ ಹಳದಿಯಾಗುತ್ತದೆ. ಮೂರರಲ್ಲಿ ಯಾವುದೆಂಬುದನ್ನು ಹೇಗೆ ತಿಳಿಯಬೇಕು?

ಪ್ರಾರಂಭಿಕನು ಕೇಳಬೇಕಾದ ಮೊದಲನೆಯ ಪ್ರಶ್ನೆ ಇದು: ಹಳದಿಯಾದುದು ಹಳೆಯ ಎಲೆಯೋ, ಹೊಸ ಎಲೆಯೋ? ಸಾರಜನಕವನ್ನೂ ಮೆಗ್ನೀಷಿಯಂನ್ನೂ ಸಸ್ಯವು ತನ್ನ ದೇಹದಲ್ಲಿ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಬಲ್ಲುದು. ಕೊರತೆ ಬಂದಾಗ ಮುದಿ ಎಲೆಯಲ್ಲಿದ್ದುದನ್ನು ಬಿಚ್ಚಿ ಎಳೆಯ ಕುಡಿಗೆ ಕಳಿಸುತ್ತದೆ. ತಾಯಿ ತನ್ನ ತುತ್ತನ್ನು ಮಗುವಿಗೆ ಕೊಟ್ಟಂತೆ. ಆದಕಾರಣ ಇವುಗಳ ಕೊರತೆಯಲ್ಲಿ ಕೆಳಗಿನ ಎಲೆಗಳು ಮೊದಲು ಹಳದಿಯಾಗುತ್ತವೆ. ಕಬ್ಬಿಣವನ್ನು ಹೀಗೆ ಸಾಗಿಸುವುದು ಸಸ್ಯಕ್ಕೆ ಸುಲಭವಲ್ಲ. ಹಳೆಯ ಎಲೆ ತನ್ನಲ್ಲಿದ್ದುದನ್ನು ಹಿಡಿದುಕೊಂಡೇ ಇರುತ್ತದೆ. ಆದ್ದರಿಂದ ಅದರ ಕೊರತೆ ಸುಳಿಯ ಎಲೆಗಳಲ್ಲಿ ಮೊದಲು ಕಾಣುತ್ತದೆ.

ಎರಡನೆಯ ಪ್ರಶ್ನೆ: ಎಲೆಯ ನರಗಳ ಬಣ್ಣವೇನು? ಸಾರಜನಕ ಸಾಲದಾಗ ಎಲೆಯೆಲ್ಲ ಒಂದೇ ಸಮನೆ ಪೇಲವವಾಗುತ್ತದೆ. ಕಬ್ಬಿಣ ಸಾಲದಾಗ ನರಗಳು ಹಸಿರಾಗಿಯೇ ಉಳಿದು ಅವುಗಳ ನಡುವಣ ಭಾಗ ಹಳದಿಯಾಗುತ್ತದೆ. ಕಬ್ಬಿನ ಎಲೆಯಲ್ಲಿ ಇದು ಉದ್ದುದ್ದನೆಯ ಪಟ್ಟೆಗಳಾಗಿ ತೋರುತ್ತದೆ. ಕೊರತೆ ಮಿತಿಮೀರಿದಾಗ ಸುಳಿಯೆಲ್ಲ ಬಿಳಿಚಿಕೊಳ್ಳುತ್ತದೆ. ಕೂಳೆ ಕಬ್ಬಿನಲ್ಲಿ ಇದು ಹೆಚ್ಚು. ಇದಕ್ಕೆ ವಿರುದ್ಧವಾಗಿ, ಎಲೆಯ ಅಲಗು ಹಸಿರಾಗಿಯೇ ಇದ್ದು ನಡುನರವೇ ಹಳದಿಯಾದರೆ, ಅದರಲ್ಲಿಯೂ ಎಲೆಯ ಕೆಳಮೈಯಲ್ಲಿ ಈ ಹಳದಿ ಎದ್ದು ಕಂಡರೆ, ಗೊಬ್ಬರದ ಮಾತನ್ನು ಬಿಟ್ಟು ಹಳದಿ ಎಲೆ ರೋಗವನ್ನು ಸಂಶಯಿಸಬೇಕು. ಅದು ವೈರಸ್ಸಿನಿಂದ ಬರುವಂಥದು. ಸಸ್ಯಹೇನುಗಳು ಅದನ್ನು ಹರಡುತ್ತವೆ, ರೋಗಗ್ರಸ್ತವಾದ ಬಿತ್ತನೆಯ ತುಂಡುಗಳೂ ಹರಡುತ್ತವೆ. ಇಂಥ ಕಬ್ಬಿಗೆ ಎಷ್ಟು ಯೂರಿಯಾ ಸುರಿದರೂ ಪ್ರಯೋಜನವಿಲ್ಲ. ಮುಂದಿನ ನಾಟಿಗೆ ನಿರೋಗಿಯಾದ ಬೀಜವನ್ನು ಆರಿಸುವುದೇ ಮಾರ್ಗ.

ಮೂರನೆಯ ಪ್ರಶ್ನೆ ಎಲೆಯದಲ್ಲ, ಬೇರಿನದು. ಒಂದು ಗುದ್ದಲಿ ತೆಗೆದುಕೊಂಡು ಬುಡವನ್ನು ಬಗೆದು ನೋಡಬೇಕು. ಬೇರು ಬೆಳ್ಳಗೆ ಗಟ್ಟಿಯಾಗಿದೆಯೋ, ಕಪ್ಪಾಗಿ ನಾರುತ್ತಿದೆಯೋ? ನೀರಿನಲ್ಲಿ ಆಮ್ಲಜನಕದ ಪಸರಣವು ಗಾಳಿಯಲ್ಲಿರುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನ. ಮಣ್ಣಿನ ಸಂದುಗಳಲ್ಲೆಲ್ಲ ನೀರು ನಿಂತರೆ ಬೇರಿಗೆ ಉಸಿರು ಸಿಕ್ಕದು; ಉಸಿರಿಲ್ಲದ ಬೇರು, ಅನ್ನ ಎದುರಿಗಿದ್ದರೂ ಉಣ್ಣಲಾರದು. ನದೀತೀರದ ಕಪ್ಪು ಎರೆಭೂಮಿಯಲ್ಲಿ ನೀರು ಹೆಚ್ಚಾಗಿ ಹಳದಿಯಾದ ಬೆಳೆಗೆ, ಬಾಡಿದೆಯೆಂದು ಮತ್ತಷ್ಟು ನೀರನ್ನೇ ಹಾಯಿಸುವುದನ್ನು ನಾವು ಕಾಣುತ್ತೇವೆ. ಹೊಲಗಳು ಸವಳು ಜವಳಾಗುವುದಕ್ಕೆ ಇಂಥ ಅತಿನೀರಾವರಿಯೇ ಒಂದು ಮುಖ್ಯ ಕಾರಣ. ಒಂದು ಬೆಳೆ ಕೆಟ್ಟರೆ ಒಂದು ವರ್ಷ ಕೆಟ್ಟಿತು. ಭೂಮಿ ಸವಳಾದರೆ ಒಂದು ತಲೆಮಾರು ಕೆಟ್ಟಂತೆ.

ಇನ್ನು ಕಬ್ಬಿಣದ ವಿಚಾರದಲ್ಲಿ ಒಂದು ಸೋಜಿಗವಿದೆ. ನಮ್ಮ ಮಣ್ಣಿನಲ್ಲಿ ಕಬ್ಬಿಣಕ್ಕೇನೂ ಬಡತನವಿಲ್ಲ. ಆದರೆ ಸುಣ್ಣಾಂಶವುಳ್ಳ, ಕ್ಷಾರಗುಣದ ಮಣ್ಣಿನಲ್ಲಿ ಅದು ಕರಗುವುದಿಲ್ಲ. ಮಣ್ಣಿನ ಪಿಎಚ್ ಒಂದು ಅಂಕೆ ಏರಿದರೆ ದ್ರಾವಣದಲ್ಲಿರುವ ಫೆರಿಕ್ ಕಬ್ಬಿಣ ಸಾವಿರ ಪಟ್ಟು ಇಳಿಯುತ್ತದೆ. ಸಮುದ್ರದ ನಡುವೆ ನೀರಡಿಸಿದಂತೆ ಗಿಡವು ಕಬ್ಬಿಣದ ನಡುವೆ ಕಬ್ಬಿಣಕ್ಕಾಗಿ ಹಸಿಯುತ್ತದೆ. ಈ ಸಂಗತಿ ನಿನ್ನೆ ಮೊನ್ನೆಯದಲ್ಲ. ಫ್ರಾನ್ಸ್ ದೇಶದ ಯೂಸೆಬ್ ಗ್ರಿ ಎಂಬಾತನು 1840ರ ದಶಕದಲ್ಲಿಯೇ ಬಿಳಿಚಿದ ಎಲೆಗಳಿಗೆ ಕಬ್ಬಿಣದ ಲವಣದ ದ್ರಾವಣವನ್ನು ಹಚ್ಚಿ, ಅವು ಮರಳಿ ಹಸಿರಾಗುವುದನ್ನು ತೋರಿಸಿದನು. ಅಥಣಿ, ಕಾಗವಾಡಗಳ ದ್ರಾಕ್ಷಿಯ ಬೆಳೆಗಾರರಿಗೂ ಈ ಪಾಠ ಸಲ್ಲುತ್ತದೆ. ಸುಣ್ಣದ ಮಣ್ಣಿನಲ್ಲಿ ದ್ರಾಕ್ಷಿಯ ಬಳ್ಳಿ ಬಿಳಿಚುವುದು ಲೋಕಪ್ರಸಿದ್ಧ.

ಹಳದಿಯೆಂದರೆ ರೋಗವೇ ಆಗಬೇಕೆಂದೂ ಇಲ್ಲ. ನಿಪ್ಪಾಣಿಯ ತಂಬಾಕಿನ ರೈತನು ಬಲಿತ ಎಲೆಯ ಬಣ್ಣ ತಿರುಗುವುದನ್ನು ಕಂಡು ಗಾಬರಿಯಾಗುವುದಿಲ್ಲ. ಕೊಯ್ಲಿನ ದಿನಗಳನ್ನು ಎಣಿಸುತ್ತಾನೆ. ಒಂದೇ ಬಣ್ಣ ಒಂದು ಹೊಲದಲ್ಲಿ ಆಪತ್ತು, ಇನ್ನೊಂದು ಹೊಲದಲ್ಲಿ ಪಕ್ವತೆ. ಎಲೆಯ ವಯಸ್ಸು, ಸ್ಥಾನ, ಕಾಲ ಇವುಗಳನ್ನು ಬಿಟ್ಟು ಬಣ್ಣವನ್ನು ಓದುವುದು, ವಾಕ್ಯವನ್ನು ಬಿಟ್ಟು ಒಂದೇ ಅಕ್ಷರವನ್ನು ಓದಿದಂತೆ.

“ಯೂರಿಯಾ ಹಾಕಿದೆವು, ಹಸಿರಾಯಿತು, ಇನ್ನೇನು ಬೇಕು?” ಎಂಬ ವಾದವನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಈ ವಾದವನ್ನು ಹಗುರಾಗಿ ತಳ್ಳಿಹಾಕಲಾಗದು. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕವಿದೆ, ಕೊರತೆ ಸಾರಜನಕದ್ದೇ ಆಗಿದ್ದರೆ ಅದು ಸಂಜೀವಿನಿಯೇ ಸರಿ. ಆದರೆ ಹಾಕಿದ ಮೇಲೆ ಹಸಿರಾಯಿತೆಂಬುದರಿಂದ ಹಾಕಿದ್ದರಿಂದಲೇ ಹಸಿರಾಯಿತೆಂದು ಸಿದ್ಧವಾಗುವುದಿಲ್ಲ. ಅದೇ ವಾರದಲ್ಲಿ ನಿಂತ ನೀರು ಬಸಿದು ಬೇರಿಗೆ ಗಾಳಿ ಸಿಕ್ಕಿರಬಹುದು, ಚಳಿ ಹಿಂಜರಿದಿರಬಹುದು. ಹಾಕದೆ ಬಿಟ್ಟ ಸಾಲೊಂದು ಪಕ್ಕದಲ್ಲಿ ಇದ್ದಿದ್ದರೆ ಮಾತ್ರ ನಾವು ನಿಶ್ಚಯವಾಗಿ ಹೇಳಬಹುದಾಗಿತ್ತು. ಅನಾವಶ್ಯಕವಾದ ಯೂರಿಯಾದಿಂದ ಹಾನಿಯೇನೂ ಇಲ್ಲವೆಂಬುದೂ ನಿಜವಲ್ಲ. ಕ್ಷಾರಭೂಮಿಯ ಮೇಲ್ಮೈಗೆ ಎರಚಿದಾಗ ಸಾರಜನಕದ ಒಂದು ಪಾಲು ಅಮೋನಿಯಾ ಅನಿಲವಾಗಿ ಹಾರಿಹೋಗುತ್ತದೆ. ಗಿಡಕ್ಕೆ ಸೇರಿದ್ದು ಅತಿಯಾದರೆ ಕಬ್ಬು ನೆಲಕ್ಕೊರಗುತ್ತದೆ, ರಸದಲ್ಲಿ ಸಕ್ಕರೆಯ ಅಂಶ ಇಳಿಯುತ್ತದೆ.

ಹಾಗಾದರೆ ಪ್ರಾರಂಭಿಕನು ಏನು ಮಾಡಬೇಕು? ಹಳದಿ ಪಟ್ಟೆಗಳುಳ್ಳ ನಾಲ್ಕು ಗಿಡಗಳನ್ನು ಗುರುತು ಹಾಕಿಕೊಳ್ಳಲಿ. ಲೀಟರು ನೀರಿಗೆ 5 ಗ್ರಾಂ ಅನ್ನಭೇದಿಯನ್ನು ಕರಗಿಸಿ, ಅದು ಕಂದುಬಣ್ಣಕ್ಕೆ ತಿರುಗದಂತೆ ನಾಲ್ಕು ಹನಿ ಲಿಂಬೆಯ ರಸ ಹಾಕಿ, ಒಂದು ಗಿಡದ ಎಳೆಯ ಎಲೆಗಳಿಗೆ ಸಂಜೆಯ ಹೊತ್ತು ಕುಂಚದಿಂದ ಹಚ್ಚಲಿ. ಇನ್ನೊಂದಕ್ಕೆ ಲೀಟರಿಗೆ 10 ಗ್ರಾಂ ಯೂರಿಯಾದ ದ್ರಾವಣ. ಮೂರನೆಯದಕ್ಕೆ ಬರಿಯ ನೀರು. ನಾಲ್ಕನೆಯದಕ್ಕೆ ಏನೂ ಬೇಡ. ಹತ್ತು ದಿನ ಕಾಯಲಿ. ಅನ್ನಭೇದಿ ತಾಗಿದ ಕಡೆ ಮಾತ್ರ ಹಸಿರು ಮೂಡಿದರೆ ಕಾರಣ ತಾನಾಗಿಯೇ ಬಾಯಿಬಿಟ್ಟಂತಾಯಿತು. ಯಾವುದೂ ಬದಲಾಗದಿದ್ದರೆ ಅದೂ ಒಂದು ಉತ್ತರವೇ. ಬೇರಿನ ಕಡೆಗೋ ರೋಗದ ಕಡೆಗೋ ನೋಡೆಂದು ಅದು ಹೇಳುತ್ತದೆ. ಒಂದು ಬಾರಿಗೆ ಒಂದನ್ನೇ ಬದಲಿಸು, ಉಳಿದುದನ್ನು ಹಾಗೆಯೇ ಇಡು, ಹೋಲಿಕೆಗೊಂದನ್ನು ಮುಟ್ಟದೆ ಬಿಡು, ಕಾಯಿ ಎಂಬುದಿಷ್ಟೇ ಪ್ರಯೋಗವಿಜ್ಞಾನದ ಸಾರ.

ಹೊಲವಿಲ್ಲದ ಪಟ್ಟಣದ ವಿದ್ಯಾರ್ಥಿಗೂ ಪ್ರಯೋಗಶಾಲೆಯ ಕೊರತೆಯಿಲ್ಲ. ಕಿಟಕಿಯ ಬಳಿಯ ಒಂದು ಕುಂಡ ಸಾಕು. ನೇರ ಬಿಸಿಲಿನ ತೀವ್ರತೆ ಸುಮಾರು ಒಂದು ಲಕ್ಷ ಲಕ್ಸ್. ಕೋಣೆಯ ಒಳಗೆ ಅದು ಕೆಲವು ನೂರಕ್ಕೆ ಇಳಿಯುವುದುಂಟು. ನಮ್ಮ ಕಣ್ಣು ಬೇಗನೆ ಹೊಂದಿಕೊಳ್ಳುವುದರಿಂದ ಈ ವ್ಯತ್ಯಾಸ ನಮಗೆ ತೋರದು, ಗಿಡಕ್ಕೆ ತೋರುತ್ತದೆ. ಬೆಳಕು ಕಡಿಮೆಯಾದ ಗಿಡ ನೀರನ್ನೂ ಕಡಿಮೆ ಕುಡಿಯುತ್ತದೆ. ನಾವು ಮಾತ್ರ ದಿನವೂ ಚೊಂಬು ತುಂಬ ಸುರಿಯುತ್ತೇವೆ. ಕುಂಡದ ಗಿಡ ಹಳದಿಯಾದಾಗ ಗೊಬ್ಬರವನ್ನು ಹುಡುಕುವ ಮೊದಲು ಎರಡಂಗುಲ ಆಳಕ್ಕೆ ಬೆರಳಿಟ್ಟು ನೋಡುವುದು ಜಾಣತನ.

ಇಂದು ಎಲೆಯ ಹಸಿರನ್ನು ಅಳೆಯುವ ಉಪಕರಣಗಳು ಬಂದಿವೆ. 650 ನ್ಯಾನೊಮೀಟರಿನ ಕೆಂಪು ಬೆಳಕನ್ನೂ 940 ನ್ಯಾನೊಮೀಟರಿನ ಅವಕೆಂಪು ಕಿರಣವನ್ನೂ ಎಲೆಯ ಮೂಲಕ ಹಾಯಿಸಿ, ಎರಡನ್ನೂ ಹೋಲಿಸಿ ಅವು ಅಂಕೆಯನ್ನು ಕೊಡುತ್ತವೆ. ಚಿತ್ರ ತೆಗೆದರೆ ರೋಗದ ಹೆಸರು ಹೇಳುವ ಮೊಬೈಲ್ ತಂತ್ರಾಂಶಗಳೂ ಇವೆ. ಇವು ಉಪಯುಕ್ತವೇ, ಆದರೆ ಅಳೆಯುವ ಯಂತ್ರ ಹಸಿರೆಷ್ಟೆಂದು ಹೇಳೀತೇ ಹೊರತು ಏಕೆಂದು ಹೇಳಲಾರದು, ಎಲೆಯ ಚಿತ್ರವನ್ನು ನೋಡುವ ತಂತ್ರಾಂಶ ಬುಡ ಬಗೆದು ಬೇರನ್ನು ಮೂಸಿ ನೋಡಲಾರದು. 2015ರಲ್ಲಿ ಆರಂಭವಾದ ಯೋಜನೆಯಂತೆ ದೊರೆಯುವ ಮಣ್ಣಿನ ಆರೋಗ್ಯ ಚೀಟಿಯಲ್ಲಿ ಪಿಎಚ್, ಲವಣಾಂಶ, ಸಾರಜನಕ, ಕಬ್ಬಿಣ ಮೊದಲಾಗಿ 12 ಅಂಶಗಳಿರುತ್ತವೆ. ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿ ಇಡುವುದಕ್ಕಿಂತ ಮನೆಯ ಮಗನೋ ಮಗಳೋ ಓದಿ ಹೇಳುವುದು ಮೇಲು.

ನನ್ನ ಸೂಚನೆ ಇಷ್ಟೇ. ಈ ಐದು ತಾಲೂಕುಗಳ ಪ್ರತಿಯೊಂದು ಪ್ರೌಢಶಾಲೆಯೂ ಕಾಲೇಜೂ ಒಂದು ಭೂತಗನ್ನಡಿ, ಪಿಎಚ್ ಕಾಗದದ ಸುರುಳಿ, ಒಂದು ಗುದ್ದಲಿ, ಒಂದು ದಿನಚರಿ ಪುಸ್ತಕ ಇವನ್ನು ಇಟ್ಟುಕೊಳ್ಳಲಿ. ಪ್ರತಿ ವಿದ್ಯಾರ್ಥಿಯೂ ವರ್ಷಕ್ಕೊಂದು ಹಳದಿ ಎಲೆಯ ಕಾರಣವನ್ನು ಹುಡುಕಿ ಬರೆಯಲಿ. ಉತ್ತರ ಮೊದಲೇ ತಿಳಿದಿರುವ ಪ್ರಯೋಗಗಳನ್ನು ನಾವು ವರ್ಷವೆಲ್ಲ ಮಾಡಿಸುತ್ತೇವೆ. ಲೋಲಕದ ಕಾಲವನ್ನು ಅಳೆದು ಪುಸ್ತಕದ ಅಂಕೆಗೆ ಹೊಂದಿಸುವ ವಿದ್ಯಾರ್ಥಿ ಅಂಕಗಳನ್ನೂ ಪಡೆಯುತ್ತಾನೆ. ಉತ್ತರ ತಿಳಿಯದಿರುವ ಒಂದು ಪ್ರಶ್ನೆಯನ್ನಾದರೂ ಅವನ ಕೈಗೆ ಕೊಡಬೇಕು. ಅಂಥ ಪ್ರಶ್ನೆಗಳು ನಮ್ಮ ಕಾಲೇಜಿನ ಬೇಲಿಯ ಆಚೆಗೇ ಹಳದಿ ಬಣ್ಣದಲ್ಲಿ ನಿಂತಿವೆ.

ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಎನ್ನುತ್ತಾರೆ. ಎಲ್ಲ ಹಳದಿಗೂ ಒಂದೇ ಕಾರಣವನ್ನು ಕಾಣುವ ಕಣ್ಣಿಗೂ ಚಿಕಿತ್ಸೆ ಬೇಕು. ಆ ಚಿಕಿತ್ಸೆ ಗೊಬ್ಬರದ ಅಂಗಡಿಯಲ್ಲಿ ದೊರೆಯುವಂಥದಲ್ಲ, ಶಾಲೆಯಲ್ಲಿ ದೊರೆಯಬೇಕು.