ಲವ್ ಸ್ಟೋರಿಯಲ್ಲಿ ಜಾತಿ ಯಾಕಿಲ್ಲ? ಥ್ರಿಲ್ಲರ್‌ನಲ್ಲಿ ನಮ್ಮೂರು ಯಾಕಿಲ್ಲ?

ಯಲ್ದೂರಿನಲ್ಲಿ ನಮಗೆ ಪರಿಚಯದ ಒಬ್ಬರು ಟೈಲರ್ ಅಕ್ಕ ಇದ್ದಾರೆ. ಬ್ಲೌಸು, ಚೂಡಿದಾರ್ ಹೊಲಿಯುತ್ತಾರೆ. ಮಿಷನ್ ಪಕ್ಕದ ಡಬ್ಬದಲ್ಲಿ ದಾರದುಂಡೆಗಳ ಕೆಳಗೆ ಯಾವಾಗಲೂ ಒಂದು ಕಾದಂಬರಿ ಇರುತ್ತದೆ. ಅವರದು ಮೋಟಾರ್ ಮಿಷನ್. ಕರೆಂಟ್ ಹೋದರೆ ಹೊಲಿಗೆ ನಿಲ್ಲುತ್ತದೆ, ಓದು ಶುರುವಾಗುತ್ತದೆ. ನಮ್ಮ ಕಡೆ ಕರೆಂಟ್ ಎಷ್ಟು ಸಲ ಹೋಗುತ್ತದೆ ಅಂತ ನಿಮಗೇ ಗೊತ್ತು. ಹಾಗಾಗಿ ಅಕ್ಕ ಓದಿರುವ ಕಾದಂಬರಿಗಳಿಗೆ ಲೆಕ್ಕ ಇಲ್ಲ.

ಹೋದ ತಿಂಗಳು ಸುದ್ದಿ ಕೆಲಸಕ್ಕೆ ಆ ಕಡೆ ಹೋದಾಗ ಅಂಗಡಿ ಮುಂದೆ ನಿಂತೆವು. ಅಕ್ಕ ಪುಸ್ತಕ ಮಡಚಿ ಕೇಳಿದರು:

"ಏನ್ರಪ್ಪಾ ಪೇಪರ್‌ನೋರೇ, ಒಂದು ಡೌಟು. ಈ ಕಥೇಲಿ ಹುಡುಗ ಹುಡುಗಿ ಲವ್ ಮಾಡಿದ್ರು, ಜಗಳ ಆಡಿದ್ರು, ಕೊನೇಗೆ ಮದ್ವೇನೂ ಆದ್ರು. ಮುನ್ನೂರು ಪೇಜಲ್ಲಿ ಒಬ್ರಾದ್ರೂ ನೀನ್ಯಾವ ಜನ ಅಂತ ಕೇಳ್ಲೇ ಇಲ್ವಲ್ಲ. ಇದು ಯಾವೂರ್ರಪ್ಪಾ? ಹೇಳಿ, ನಾವೂ ಹೋಗಿ ಇದ್ದುಬಿಡಾಣ."

ನಮಗೆ ನಗು ಬಂತು. ಆದರೆ ಬೈಕ್ ಹತ್ತಿ ಶ್ರೀನಿವಾಸಪುರದ ರಸ್ತೆಗೆ ಬರುವಷ್ಟರಲ್ಲಿ ಆ ನಗು ಹೋಗಿತ್ತು. ಆ ಪ್ರಶ್ನೆ ಹಿಡಿದುಕೊಂಡು ಇತ್ತೀಚೆಗೆ ಓದಿದ್ದನ್ನೂ ಹಿಂದೆ ಓದಿದ್ದನ್ನೂ ಮತ್ತೊಂದು ಸಲ ತಿರುವಿ ಹಾಕಿದೆವು. ಇಲ್ಲಿರುವುದು ನಮ್ಮ ಅಭಿಪ್ರಾಯ. ಒಪ್ಪದಿದ್ದರೆ ಜಗಳ ಆಡಿ, ಆದರೆ ಪುಸ್ತಕ ಓದಿ ಆಡಿ.

ಇದು ನಮ್ಮ ಜಿಲ್ಲೆಗೆ ಹೊಸದಲ್ಲ

ಕೋಲಾರ ಜಿಲ್ಲೆ ಅಂದ ತಕ್ಷಣ ಸಾಹಿತ್ಯದವರು ಮಾಸ್ತಿ, ಡಿವಿಜಿ ಅನ್ನುತ್ತಾರೆ. ಸರಿಯೇ. ಆದರೆ ನಮ್ಮ ಅಮ್ಮಂದಿರು, ಅತ್ತೆಯಂದಿರು ಸೆರಗಲ್ಲಿ ಮುಚ್ಚಿಟ್ಟುಕೊಂಡು ಓದಿದ್ದು ಸಾಯಿಸುತೆಯವರನ್ನು. ಅವರು ಹುಟ್ಟಿದ್ದೂ ಕೋಲಾರದಲ್ಲೇ, 1942ರಲ್ಲಿ. ನೂರಕ್ಕೂ ಹೆಚ್ಚು ಕಾದಂಬರಿ ಬರೆದಿದ್ದಾರೆ. ಗಂಡಸರ ಕೈಯಲ್ಲಿ ಇರುತ್ತಿದ್ದದ್ದು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ. ಆ ತೆಳ್ಳನೆಯ ಪುಸ್ತಕಗಳನ್ನು ಓದಲಿಕ್ಕೆಂದೇ ಅಕ್ಷರ ಕೂಡಿಸಿ ಓದುವುದನ್ನು ಕಲಿತೆ ಅನ್ನುವ ಹಿರಿಯರು ನಮಗೆ ಈಗಲೂ ಸಿಗುತ್ತಾರೆ.

ನಮ್ಮ ಗಡಿ ಸೀಮೆಯಲ್ಲಿ ಇನ್ನೊಂದು ತಮಾಷೆ ಇದೆ. ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ. ತೆಲುಗು ಮಾತಾಡುತ್ತೇವೆ, ತೆಲುಗು ಅಕ್ಷರ ಓದಲು ಬರುವುದಿಲ್ಲ. ಹಾಗಾಗಿ ಯಂಡಮೂರಿ ವೀರೇಂದ್ರನಾಥರ 'ತುಳಸಿದಳ'ವನ್ನು ನಾವು ಕನ್ನಡದಲ್ಲಿ ಓದಿ, ರಾತ್ರಿ ಹೆದರಿಕೊಂಡು, ಬೆಳಿಗ್ಗೆ ಅದರ ಕಥೆಯನ್ನು ಅಜ್ಜಿಗೆ ತೆಲುಗಿನಲ್ಲಿ ಹೇಳುತ್ತಿದ್ದೆವು. ಅಂದರೆ ಲವ್ ಸ್ಟೋರಿ, ಥ್ರಿಲ್ಲರ್ ಎರಡೂ ಇಲ್ಲಿನ ಜನಕ್ಕೆ ಮೊಬೈಲ್ ಬರುವುದಕ್ಕೆ ಮುಂಚಿನಿಂದಲೂ ಬೇಕಾದವೇ. "ಅವೆಲ್ಲ ಟೈಮ್‌ಪಾಸ್ ಪುಸ್ತಕ" ಅಂತ ಮೂಗು ಮುರಿಯುವವರ ಜೊತೆ ನಾವು ಇಲ್ಲ. ಜನ ಓದುವ ಪುಸ್ತಕ ಅಂದಮೇಲೆ ಅದು ಚೆನ್ನಾಗಿರಬೇಕು ಅನ್ನುವುದಷ್ಟೇ ನಮ್ಮ ಜಗಳ.

ಪ್ರೀತಿಗೆ ಅಡ್ಡ ಯಾರು?

ಲವ್ ಸ್ಟೋರಿ ಅಂದಮೇಲೆ ಅಡ್ಡ ಇರಲೇಬೇಕು. ಇಲ್ಲದಿದ್ದರೆ ಹತ್ತನೇ ಪುಟಕ್ಕೇ ಮದುವೆ ಊಟ. ನಮ್ಮ ಬಹುಪಾಲು ಕಾದಂಬರಿಗಳಲ್ಲಿ ಅಡ್ಡ ಬರುವವರು ಯಾರು? ಮಲತಾಯಿ, ಹಣ, ಒಂದು ತಪ್ಪು ತಿಳಿವಳಿಕೆ, ಇಲ್ಲವೇ ಫಾರಿನ್‌ನಿಂದ ಬಂದ ಅತ್ತೆ ಮಗ.

ಇಲ್ಲಿ ನಿಜವಾಗಿ ಅಡ್ಡ ಬರುವುದು ಏನು? ನಮ್ಮ ಜಿಲ್ಲೆಯಲ್ಲೇ 2023ರ ಜೂನ್‌ನಲ್ಲಿ, ಬೇರೆ ಜಾತಿಯ ಹುಡುಗನನ್ನು ಪ್ರೀತಿಸಿದಳು ಅಂತ ಹೆತ್ತ ಅಪ್ಪನೇ ಮಗಳನ್ನು ಕೊಂದ. ಆ ಹುಡುಗನೂ ಉಳಿಯಲಿಲ್ಲ. ಹೆಸರು ಬೇಡ, ಊರು ಬೇಡ. ಪೇಪರ್‌ನಲ್ಲಿ ಅದು ಒಂದು ವಾರ ಇತ್ತು. ಕಾದಂಬರಿಯಲ್ಲಿ ಇನ್ನೂ ಬಂದಿಲ್ಲ.

ಟೈಲರ್ ಅಕ್ಕ ಕೇಳಿದ್ದು ಇದನ್ನೇ. ಹೀರೋ ಹೆಸರು ಆಕಾಶ್, ಹೀರೋಯಿನ್ ಹೆಸರು ಭೂಮಿ, ಇಬ್ಬರಿಗೂ ಜಾತಿ ಇಲ್ಲ, ಕೇರಿ ಇಲ್ಲ. ಊರಿನ ಹೆಸರೂ ಇಲ್ಲ. ಜಾತಿ ಇಲ್ಲದ ಲೋಕ ಬರೆಯುವುದು ಒಳ್ಳೆಯ ಕನಸು ಅಂತ ನೀವು ಅನ್ನಬಹುದು. ಆದರೆ ದಾಟಿ ತೋರಿಸಿದ ಲೋಕ ಬೇರೆ, ಇಲ್ಲವೇ ಇಲ್ಲ ಅಂತ ಕಣ್ಣು ಮುಚ್ಚಿದ ಲೋಕ ಬೇರೆ.

ಬರೆಯಲು ಆಗುವುದಿಲ್ಲವೇ? ಆಗುತ್ತದೆ. ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ' 1985ರಲ್ಲೇ ಬಂತು. ಮೇಲೆ ನೋಡಿದರೆ ಪತ್ತೇದಾರಿ ಕಥೆ, ಒಳಗೆ ಜಯಂತಿ ಮತ್ತು ರಫಿಯ ಪ್ರೀತಿ ಇದೆ. ಊರಲ್ಲಿ ಜಾತಿ, ಧರ್ಮದ ಬೆಂಕಿ ಹೇಗೆ ನಿಧಾನಕ್ಕೆ ಹೊತ್ತಿಕೊಳ್ಳುತ್ತದೆ ಅನ್ನುವುದನ್ನು ನಗಿಸುತ್ತಲೇ ತೋರಿಸುತ್ತದೆ. ಆ ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು, ಜನರೂ ಮುಗಿಬಿದ್ದು ಓದಿದರು.

ಈಚಿನದು ಬೇಕಾದರೆ ವಸುಧೇಂದ್ರರ 'ತೇಜೋ ತುಂಗಭದ್ರಾ' ಹಿಡಿಯಿರಿ. 2019ರಲ್ಲಿ ಬಂದದ್ದು. ದಪ್ಪ ಪುಸ್ತಕ, ಹೆದರಬೇಡಿ. ಆ ಕಡೆ ಪೋರ್ಚುಗಲ್‌ನ ಲಿಸ್ಬನ್‌ನಲ್ಲಿ ಗೇಬ್ರಿಯಲ್ ಮತ್ತು ಯಹೂದಿ ಹುಡುಗಿ ಬೆಲ್ಲಾ, ಈ ಕಡೆ ವಿಜಯನಗರದ ಕಾಲದಲ್ಲಿ ತುಂಗಭದ್ರೆ ಸೀಮೆಯ ಹಂಪಮ್ಮ ಮತ್ತು ಕೇಶವ. ಐನೂರು ವರ್ಷದ ಹಿಂದಿನ ಕಥೆ. ಆದರೆ ಪ್ರೀತಿಗೆ ಅಡ್ಡ ಬರುವುದು ಧರ್ಮ, ದುಡ್ಡು, ಸಂಪ್ರದಾಯ ಅನ್ನುವುದನ್ನು ಹೆಸರಿಟ್ಟು ಹೇಳುತ್ತದೆ. ಓದುವಾಗ ನಮಗೆ ಲಿಸ್ಬನ್ ದೂರ ಅನ್ನಿಸಲಿಲ್ಲ. ಪಕ್ಕದ ಬೀದಿ ಅನ್ನಿಸಿತು.

ಇನ್ನು ಹುಡುಗರ ಅಚ್ಚುಮೆಚ್ಚಿನ ಪುಸ್ತಕ, ರವಿ ಬೆಳಗೆರೆಯವರ 'ಹೇಳಿ ಹೋಗು ಕಾರಣ'. ಬೆಳಗೆರೆ 2020ರಲ್ಲಿ ತೀರಿಕೊಂಡರು, ಪುಸ್ತಕ ಇನ್ನೂ ಕೈಯಿಂದ ಕೈಗೆ ಓಡಾಡುತ್ತಿದೆ. ಹಿಡಿದರೆ ಬಿಡಿಸುವುದಿಲ್ಲ, ಅದು ನಿಜ. ಹಿಮವಂತ ತಾನು ಪ್ರೀತಿಸಿದ ಪ್ರಾರ್ಥನಾಳನ್ನು ಮೆಡಿಕಲ್ ಓದಲು ಕಳಿಸುತ್ತಾನೆ. ಅವಳ ಮನಸ್ಸು ಬೇರೆ ಕಡೆ ಹೋಗುತ್ತದೆ. ಅಲ್ಲಿಂದ ಕಥೆ ಪೂರಾ ಹಿಮವಂತನ ನೋವು.

ಪಿಯುಸಿಯಲ್ಲಿ ಓದಿದಾಗ ನಾವೂ ಪ್ರಾರ್ಥನಾಳಿಗೆ ಶಾಪ ಹಾಕಿದವರೇ. ಈಗ ಇನ್ನೊಂದು ಸಲ ಓದಿದರೆ ಬೇರೆ ಪ್ರಶ್ನೆ ಏಳುತ್ತದೆ. ಓದಿಸಿದವನಿಗೆ ಹುಡುಗಿ ಕೃತಜ್ಞಳಾಗಿರಬೇಕು, ಸರಿ. ಕೃತಜ್ಞತೆಗೆ ಮದುವೆಯನ್ನೇ ಕೊಡಬೇಕಾ? ಫೀಸು ಕಟ್ಟಿದ್ದು ಪ್ರೀತಿಯೋ, ಮುಂಗಡವೋ? ಮಂಡಿಯವರು ಹೂ ಬಿಡುವ ಮೊದಲೇ ಮಾವಿನ ತೋಪಿಗೆ ಅಡ್ವಾನ್ಸ್ ಕೊಟ್ಟ ಹಾಗೆ ಹೆಣ್ಣುಮಕ್ಕಳಿಗೂ ಕೊಡಲಾಗುವುದಿಲ್ಲ. ಬರೆದವರ ಕೈ ಎಷ್ಟು ಜೋರು ಅಂದರೆ, ಈ ಪ್ರಶ್ನೆ ಏಳದ ಹಾಗೆ ಅಳಿಸಿಬಿಡುತ್ತಾರೆ. ಅಳಿ, ಪರವಾಗಿಲ್ಲ. ಕಣ್ಣು ಒರೆಸಿಕೊಂಡ ಮೇಲೆ ಪ್ರಶ್ನೆಯನ್ನೂ ಕೇಳಿ.

ಫೋನಿನ ಕಥೆಗಳು

ಈಗಿನ ಹುಡುಗಿಯರು ಹೆಚ್ಚು ಓದುವುದು ಫೋನಿನಲ್ಲಿ. ಪ್ರತಿಲಿಪಿಯಂಥ ಆ್ಯಪ್‌ಗಳಲ್ಲಿ ಯಾರು ಬೇಕಾದರೂ ಬರೆಯಬಹುದು. ಗೃಹಿಣಿಯರು, ಕಾಲೇಜು ಹುಡುಗಿಯರು ಧಾರಾವಾಹಿ ಬರೆಯುತ್ತಿದ್ದಾರೆ. ಇದು ನಮಗೆ ನಿಜಕ್ಕೂ ಸಂತೋಷ. ಪ್ರಕಾಶಕರ ಬಾಗಿಲು ಕಾಯದೆ, ಅಡುಗೆ ಮುಗಿಸಿ ಕೂತು ಬರೆದದ್ದನ್ನು ಸಾವಿರಾರು ಜನ ಓದುವುದು ಸಣ್ಣ ಮಾತಲ್ಲ.

ಆದರೆ ಇಂಥ ಕಥೆಗಳಲ್ಲಿ ಒಂದು ಅಚ್ಚು ಕೂತುಬಿಟ್ಟಿದೆ. ಹೀರೋ ಕೋಟ್ಯಧಿಪತಿ, ಸಿಡುಕ. ಹೀರೋಯಿನ್‌ಗೆ ಬಲವಂತದ ಮದುವೆ. ಅವನು ಕೈ ತಿರುಚುತ್ತಾನೆ, ಕೂಗಾಡುತ್ತಾನೆ, ಬಾಗಿಲು ಹಾಕುತ್ತಾನೆ. ಅರವತ್ತನೇ ಕಂತಿಗೆ ಗೊತ್ತಾಗುತ್ತದೆ, ಅದೆಲ್ಲ ಪ್ರೀತಿಯಂತೆ.

ಇದನ್ನು ನಾವು ತಮಾಷೆಯಾಗಿ ಬಿಡಲು ಆಗುತ್ತಿಲ್ಲ. ಕಾಲೇಜು ಬಸ್ಸಿನಲ್ಲಿ ಹುಡುಗ ಹಿಂದೆ ಬಿದ್ದಿದ್ದಾನೆ ಅಂತ ಹುಡುಗಿ ಮನೇಲಿ ಹೇಳಿದರೆ ಏನಾಗುತ್ತದೆ? ಹುಡುಗನಿಗೆ ಏನೂ ಆಗುವುದಿಲ್ಲ. ಹುಡುಗಿಯ ಕಾಲೇಜು ನಿಲ್ಲುತ್ತದೆ. ನಾವು ನೋಡಿದ್ದೇವೆ, ನೀವೂ ನೋಡಿರುತ್ತೀರಿ. ಬೇಡ ಅಂದರೂ ಬಿಡದವನೇ ಹೀರೋ ಅಂತ ಕಥೆ ಹೇಳಿದರೆ, ಆ ಹುಡುಗನಿಗೆ ಸರ್ಟಿಫಿಕೇಟ್ ಕೊಟ್ಟ ಹಾಗೆ. ಬರೆಯುವ ಅಕ್ಕತಂಗಿಯರಲ್ಲಿ ನಮ್ಮ ಕೋರಿಕೆ ಒಂದೇ: ನಿಮ್ಮ ಹೀರೋ ಒಂದು ಸಲ, "ನಿನಗೆ ಇಷ್ಟ ಇದೆಯಾ?" ಅಂತ ಕೇಳಲಿ. ಕಂತುಗಳೇನೂ ಕಮ್ಮಿ ಆಗುವುದಿಲ್ಲ.

ಥ್ರಿಲ್ಲರ್ ಲೆಕ್ಕ

ಥ್ರಿಲ್ಲರ್‌ನಲ್ಲಿ ಮೊದಲ ಮಾರ್ಕು ಕೆ.ಎನ್. ಗಣೇಶಯ್ಯನವರಿಗೆ. ಅವರ ಇನಿಷಿಯಲ್‌ನ 'ಕೆ' ಅಂದರೆ ನಮ್ಮ ಕೋಲಾರ ಜಿಲ್ಲೆಯ ಕೋಟಿಗಾನಹಳ್ಳಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿಯಾಗಿದ್ದವರು. 'ಕನಕ ಮುಸುಕು' ಓದಿ: ಹೊಯ್ಸಳರ ಶಿಲ್ಪದ ಕೈಯಲ್ಲಿ ಮುಸುಕಿನ ಜೋಳ ಎಲ್ಲಿಂದ ಬಂತು ಅಂತ ಶುರು. ಜೋಳ ಅಮೆರಿಕದ ಬೆಳೆ, ಕೊಲಂಬಸ್ ಹೋದ ಮೇಲೆ ಬೇರೆ ದೇಶಗಳಿಗೆ ಬಂತು ಅನ್ನುತ್ತಾರೆ. ಹಾಗಾದರೆ ಕಲ್ಲಿನಲ್ಲಿ ಕೆತ್ತಿರುವುದು ಏನು? ಬೆಳೆಯ ಬಗ್ಗೆ ಇಷ್ಟು ಕುತೂಹಲ ಹುಟ್ಟಿಸುವ ಥ್ರಿಲ್ಲರ್ ರೈತರಿಗೆ ಇಷ್ಟವಾಗದೆ ಇರುತ್ತದಾ? 'ಕರಿಸಿರಿಯಾನ'ದಲ್ಲಿ ವಿಜಯನಗರದ ಸಂಪತ್ತು, 'ಬಳ್ಳಿಕಾಳ ಬೆಳ್ಳಿ'ಯಲ್ಲಿ ಗೇರುಸೊಪ್ಪೆಯ ಕಾಳುಮೆಣಸಿನ ರಾಣಿ.

ಒಂದು ಆಕ್ಷೇಪವೂ ಇದೆ. ಪಾತ್ರಗಳು ಕೆಲವು ಸಲ ಮನುಷ್ಯರ ಹಾಗೆ ಮಾತಾಡುವುದಿಲ್ಲ, ಕ್ಲಾಸ್ ತೆಗೆದುಕೊಳ್ಳುತ್ತವೆ. ಇನ್ನೊಂದು ಎಚ್ಚರಿಕೆ ಓದುಗರಿಗೆ. ನಿಧಿ ಆಸೆಗೆ ಹಳೇ ಗುಡಿ ಅಗೆದ ಸುದ್ದಿಯನ್ನು ನಾವೇ ಎಷ್ಟೋ ಸಲ ಬರೆದಿದ್ದೇವೆ. ಗಣೇಶಯ್ಯನವರು ಆಧಾರಗಳನ್ನು ಪುಸ್ತಕದಲ್ಲೇ ಕೊಡುತ್ತಾರೆ. ಯಾವುದು ದಾಖಲೆ, ಯಾವುದು ಕಲ್ಪನೆ ಅಂತ ಬೇರೆ ಮಾಡಿಕೊಂಡು ಓದಿ. ಹಾರೆ ಮನೇಲೇ ಇರಲಿ.

ಹೊಸಬರಲ್ಲಿ ಅನುಷ್ ಶೆಟ್ಟಿಯವರ 'ಜೋಡ್ಪಾಲ', 'ಹುಲಿ ಪತ್ರಿಕೆ', 'ನೀನು ನಿನ್ನೊಳಗೆ ಖೈದಿ' ಓದಿ. ಸಣ್ಣ ಪುಸ್ತಕಗಳು, ಸರಾಗವಾದ ಕನ್ನಡ. ಫೋನ್ ಬಿಟ್ಟು ಪುಸ್ತಕ ಮುಟ್ಟದ ತಮ್ಮನಿಗೆ ಮೊದಲು ಕೊಡಬೇಕಾದದ್ದು ಇಂಥವು. ಜೋಡ್ಪಾಲ ಅನ್ನುವುದು ಮಡಿಕೇರಿ ಘಾಟಿಯಲ್ಲಿ ನಿಜವಾಗಿ ಇರುವ ಊರು. ನಮಗೆ ಹೊಟ್ಟೆಕಿಚ್ಚಾದದ್ದು ಅದಕ್ಕೇ. ಮಲೆನಾಡು, ಕೊಡಗು, ಕರಾವಳಿಗೆ ಥ್ರಿಲ್ಲರ್ ಇದೆ. ಮಳೆ, ಮಂಜು, ಕಾಡು ಇದ್ದರೆ ಮಾತ್ರ ಭಯ ಹುಟ್ಟುವುದಾ?

ತೇಜಸ್ವಿಯವರ 'ಜುಗಾರಿ ಕ್ರಾಸ್' ನೆನಪು ಮಾಡಿಕೊಳ್ಳಿ. ಒಬ್ಬ ರೈತ, ಅವನ ಹೆಂಡತಿ, ಏಲಕ್ಕಿ ಮಾರಿದ ದುಡ್ಡು, ಒಂದೇ ದಿನದ ಪ್ರಯಾಣ. ಅಷ್ಟರಲ್ಲೇ ಎದೆ ಢವಢವ. ಏಲಕ್ಕಿ ಬದಲು ಮಾವು ಇಟ್ಟು ನೋಡಿ. ಸೀಸನ್‌ನಲ್ಲಿ ಶ್ರೀನಿವಾಸಪುರದ ಮಂಡಿಗಳಲ್ಲಿ ರಾತ್ರಿ ಲಾರಿ ಲೋಡ್ ಆಗುವ ಹೊತ್ತು, ಬೆಳಿಗ್ಗೆ ಒಂದು ರೇಟು, ಮಧ್ಯಾಹ್ನ ಇನ್ನೊಂದು. ಸತ್ತ ಅಜ್ಜನ ಹೆಸರಿನ ಪಹಣಿ ಯಾರದೋ ಹೆಸರಿಗೆ ತಿರುಗಿದ ಕಥೆ. ಸಾವಿರದೈನೂರು ಅಡಿ ಬೋರ್‌ವೆಲ್‌ಗೆ ಸಾಲ ಮಾಡಿದವನ ರಾತ್ರಿ. ನಮ್ಮಲ್ಲಿ ಮಂಜು ಇಲ್ಲ, ಆದರೆ ನಿದ್ದೆ ಕೆಡಿಸುವ ಸಂಗತಿಗೇನೂ ಬರ ಇಲ್ಲ. ಬರೆಯುವವರಿಗೆ ಮಾತ್ರ ಬರ.

ಬೀರು ಯಾರದು?

ಪುಸ್ತಕ ಎಲ್ಲಿ ಸಿಗುತ್ತದೆ ಅಂತ ಕೇಳುತ್ತೀರಿ. ಕೊಳ್ಳಲು ಎಲ್ಲರಿಗೂ ಆಗುವುದಿಲ್ಲ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ಅರಿವು ಕೇಂದ್ರ ಅಂತ ಬೋರ್ಡು. ಎಷ್ಟೋ ಕಡೆ ಬಣ್ಣ, ಕಂಪ್ಯೂಟರ್ ಎಲ್ಲ ಚೆನ್ನಾಗಿ ಆಗಿದೆ.

ಆದರೆ ನಾವು ಹೋದ ಒಂದು ಕಡೆ ಕಾದಂಬರಿ ಕೇಳಿದರೆ ಬೀರುವಿಗೆ ಬೀಗ ಇತ್ತು. "ಯಾರೂ ಕೇಳಲ್ಲ ಸಾರ್, ಎಲ್ಲ ಕಾಂಪಿಟಿಟಿವ್ ಎಕ್ಸಾಮ್ ಹುಡುಗ್ರು" ಅಂದರು. ಯಾರೂ ಕೇಳುವುದಿಲ್ಲವಾ, ಬೀಗ ನೋಡಿ ಸುಮ್ಮನಾದರಾ? ಹೆಂಗಸರು ಸಂಜೆ ಒಳಗೆ ಬಂದು ಕೂರುವ ಹಾಗೆ ಆ ರೂಮು ಇದೆಯಾ? ಮನೆ ಕಂದಾಯದ ರಸೀದಿ ತೆಗೆದು ನೋಡಿ, ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ. ಅದನ್ನು ಓದದವರೂ ಕಟ್ಟುತ್ತಾರೆ, ಟೈಲರ್ ಅಕ್ಕನೂ ಕಟ್ಟುತ್ತಾರೆ. ಮುಂದಿನ ಗ್ರಾಮಸಭೆಯಲ್ಲಿ ಚರಂಡಿ, ಬೀದಿ ದೀಪದ ಜೊತೆ ಇದನ್ನೂ ಕೇಳಿ: ನಮಗೆ ಬೇಕಾದ ಹತ್ತು ಕಾದಂಬರಿ ತರಿಸಿ, ಬೀಗದ ಕೈ ಕೊಡಿ.

ಈ ಬರಹ ಮುಗಿಸುವ ಮುಂಚೆ ಅಕ್ಕನಿಗೆ ಓದಿ ಹೇಳಿದೆವು. ಜಾತಿ ವಿಷಯ ಬಂದಾಗ ತಲೆ ಆಡಿಸಿದರು. ಆಮೇಲೆ ಒಂದು ತಕರಾರು ತೆಗೆದರು.

"ಎಲ್ಲಾ ಸರಿ ಕಣ್ರಪ್ಪಾ. ಆದ್ರೆ ನೀವು ಹೇಳ್ದಂಗೆ ಬರೆದ್ರೆ ಕೊನೇಲಿ ಸಾಯಿಸ್‌ಬಿಡ್ತಾರೆ. ದಿನಾ ಹತ್ತು ಗಂಟೆ ಮಿಷನ್ ತುಳ್ದು ನಾನು ಸಾಯೋದನ್ನ ಓದ್ಲಾ? ನಂಗೆ ಅವ್ರು ಬದುಕಿರ್ಬೇಕು."

ಅಕ್ಕ ಹೇಳಿದ್ದು ಸರಿ. ನಾವು ದುಃಖದ ಕಥೆ ಕೇಳುತ್ತಿಲ್ಲ. ಹುಡುಗಿಗೆ ಊರಿನ ಹೆಸರಿರಲಿ, ಹುಡುಗನಿಗೆ ಕೇರಿ ಇರಲಿ, "ನೀನ್ಯಾವ ಜನ" ಅಂತ ಯಾರಾದರೂ ಕೇಳಲಿ. ಅವರು ಅದನ್ನು ದಾಟಲಿ. ದಾಟಿ ಬದುಕಲಿ. ಅಂಥ ಒಂದು ಕಾದಂಬರಿ ನಮ್ಮ ಸೀಮೆಯವರು ಯಾರಾದರೂ ಬರೆದರೆ ಮೊದಲ ಪ್ರತಿ ಯಲ್ದೂರಿನ ಆ ದಾರದ ಡಬ್ಬಕ್ಕೆ ನಾವೇ ತಲುಪಿಸುತ್ತೇವೆ. ಉಳಿದದ್ದು ಕರೆಂಟ್‌ನವರ ಕೈಯಲ್ಲಿದೆ.